ಬಾಲ್ಕನಿಯ ಪುಟ್ಟ ಹಸಿರುಮನೆ: ಬೆಂಗಳೂರಿನ ಬಿಸಿಲು, ಮಳೆ, ಗಾಳಿಗೆ ತಕ್ಕಂತೆ

ಹಸಿರುಮನೆ ಎಂಬುದು ಮೂಲತಃ ಚಳಿ ದೇಶಗಳವರು ಗಿಡಗಳನ್ನು ಬೆಚ್ಚಗಿಡಲು ಕಂಡುಕೊಂಡ ಉಪಾಯ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಡಿಸೆಂಬರಿನ ರಾತ್ರಿಯೂ ಟೊಮೆಟೊ ಗಿಡವನ್ನು ಕೊಲ್ಲುವಷ್ಟು ತಣ್ಣಗಾಗುವುದಿಲ್ಲ. ಇಲ್ಲಿ ಗಿಡಗಳನ್ನು ಕಾಡುವುದು ಮಾರ್ಚ್–ಏಪ್ರಿಲ್‌ನ ಸುಡುಬಿಸಿಲು, ಆಗಸ್ಟ್‌ನಿಂದ ಅಕ್ಟೋಬರ್‌ವರೆಗಿನ ಜೋರು ಮಳೆ ಮತ್ತು ವರ್ಷವಿಡೀ ಇರುವ ಬಿಳಿನೊಣ. ಹಾಗಾಗಿ ನಮ್ಮ ಬಾಲ್ಕನಿಯ ಹಸಿರುಮನೆಯನ್ನು ಕೊಡೆಯಂತೆ ಕಟ್ಟಬೇಕು: ಮೇಲೆ ಪ್ಲಾಸ್ಟಿಕ್ ಹಾಳೆ, ಸುತ್ತಲೂ ಗಾಳಿಯಾಡುವ ಬಲೆ. ಇದು ತಿಳಿಯದೆ ನಾನು ಮೊದಲಿಗೆ ಕೊಂಡದ್ದು ನಾಲ್ಕೂ ಕಡೆ ಪಾರದರ್ಶಕ ಪ್ಲಾಸ್ಟಿಕ್ ಇರುವ, ಜಿಪ್ ಎಳೆದು ಮುಚ್ಚುವ ಸಿದ್ಧ ಗೂಡು. ಒಂದು ಶನಿವಾರ ಅದನ್ನು ಮುಚ್ಚಿ ಊರಿಗೆ ಹೋಗಿ ಭಾನುವಾರ ಸಂಜೆ ಮರಳಿದಾಗ ಮೆಣಸಿನ ಸಸಿಗಳೆಲ್ಲ ಬೇಯಿಸಿದ ಸೊಪ್ಪಿನಂತಾಗಿದ್ದವು.

ಕಟ್ಟುವ ಮುನ್ನ ಬಾಲ್ಕನಿಯ ದಿಕ್ಕನ್ನು ನೋಡಿಕೊಳ್ಳಬೇಕು. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲಿರುತ್ತಾನೆ. ಈ ಎರಡು ದಿನಗಳ ನಡುವಿನ ತಿಂಗಳುಗಳಲ್ಲಿ ಮಧ್ಯಾಹ್ನ ಅವನು ನೆತ್ತಿಯಿಂದ ಉತ್ತರಕ್ಕೆ ಸರಿದಿರುವುದರಿಂದ, ಮೇಲಿನ ಮಹಡಿಯ ಚಾವಣಿಯ ಅಡಿಯಲ್ಲಿರುವ ದಕ್ಷಿಣದ ಬಾಲ್ಕನಿಗೆ ನೇರ ಬಿಸಿಲು ಬಹುತೇಕ ತಪ್ಪಿಹೋಗುತ್ತದೆ. ಅದೇ ಬಾಲ್ಕನಿ ಅಕ್ಟೋಬರ್‌ನಿಂದ ಫೆಬ್ರುವರಿವರೆಗೆ ಬಿಸಿಲಿನಲ್ಲಿ ಮೀಯುತ್ತದೆ. ಆದ್ದರಿಂದ ದಕ್ಷಿಣದ ಬಾಲ್ಕನಿಯವರು ಟೊಮೆಟೊ, ಮೆಣಸಿನಕಾಯಿಗಳ ಸಸಿಯನ್ನು ಸೆಪ್ಟೆಂಬರಿನಲ್ಲಿ ನಾಟಿ ಮಾಡುವುದು ಸೂಕ್ತ. ಪೂರ್ವದ ಬಾಲ್ಕನಿ ಎಲ್ಲಕ್ಕಿಂತ ಸುಲಭದ್ದು. ಪಶ್ಚಿಮದ್ದಕ್ಕೆ ಫೆಬ್ರುವರಿಯಿಂದ ಮೇವರೆಗೆ ಅರ್ಧದಷ್ಟು ಬಿಸಿಲನ್ನು ತಡೆಯುವ ಶೇಕಡ 50ರ ನೆರಳು ಪರದೆ ಬೇಕೇ ಬೇಕು. ಉತ್ತರದ ಬಾಲ್ಕನಿಯಲ್ಲಿ ಪುದೀನ, ದೊಡ್ಡಪತ್ರೆ, ಒಂದೆಲಗಗಳಿಗೆ ತೃಪ್ತಿಪಡಬೇಕು.

ಚೌಕಟ್ಟಿಗೆ ಒಂದು ಇಂಚಿನ ಪಿವಿಸಿ ಪೈಪು ಸಾಕು. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಆರು ಅಡಿ ಎತ್ತರದ ಗೂಡು ಸಾಮಾನ್ಯ ಬಾಲ್ಕನಿಯ ಒಂದು ಮೂಲೆಯಲ್ಲಿ ಹಿಡಿಸುತ್ತದೆ. ಮಾಡಿಗೆ ಬಿಸಿಲಿಗೆ ಬೇಗ ಹರಿಯದ 200 ಮೈಕ್ರಾನ್ (0.2 ಮಿಲಿಮೀಟರ್) ದಪ್ಪದ ಪಾಲಿಹೌಸ್ ಪ್ಲಾಸ್ಟಿಕ್ ಹಾಳೆಯನ್ನು ಇಳಿಜಾರಾಗಿ ಹೊದಿಸಿ, ನೀರು ಬಾಲ್ಕನಿಯ ಒಳಗಿನ ಮೋರಿಗೆ ಬೀಳುವಂತೆ ಬಾಗಿಸಬೇಕು. ಹೊರಕ್ಕೆ ಬಾಗಿಸಿದರೆ ಕೆಳಮನೆಯವರ ಒಣಗಿದ ಬಟ್ಟೆಯ ಮೇಲೆ ಬಿದ್ದು ಜಗಳವಾಗುತ್ತದೆ. ಸುತ್ತಲೂ 40 ಮೆಶ್‌ನ, ಎಂದರೆ ಒಂದು ಇಂಚಿನುದ್ದಕ್ಕೆ 40 ಕಣ್ಣುಗಳಿರುವ, ಕೀಟ ತಡೆ ಬಲೆಯನ್ನು ಕಟ್ಟಬೇಕು. ಜೂನ್, ಜುಲೈ ತಿಂಗಳ ಪಡುವಣ ಗಾಳಿ ಮೇಲಿನ ಮಹಡಿಗಳಲ್ಲಿ ಇಂಥ ಗೂಡನ್ನು ಅನಾಯಾಸವಾಗಿ ಉರುಳಿಸಬಲ್ಲದಾದ್ದರಿಂದ ನಾಲ್ಕು ಕಾಲುಗಳನ್ನೂ ಗ್ರಿಲ್‌ಗೆ ತಂತಿಯಿಂದ ಬಿಗಿಯಬೇಕು.

ಮಣ್ಣಿನ ವಿಷಯದಲ್ಲಿ ತೂಕವೇ ಮುಖ್ಯ. ಬರೀ ಕೆಂಪುಮಣ್ಣು ತುಂಬಿದ 20 ಲೀಟರಿನ ಚೀಲ ನೀರು ಕುಡಿದಾಗ 30 ಕಿಲೋ ದಾಟುತ್ತದೆ, ಅಲ್ಲದೆ ಕೆಲವೇ ವಾರಗಳಲ್ಲಿ ಗಟ್ಟಿಯಾಗಿ ಬೇರನ್ನು ಉಸಿರುಗಟ್ಟಿಸುತ್ತದೆ. ಎರಡು ಪಾಲು ತೆಂಗಿನ ನಾರಿನ ಪುಡಿ, ಎರಡು ಪಾಲು ಎರೆಗೊಬ್ಬರ ಅಥವಾ ಚೆನ್ನಾಗಿ ಕಳಿತ ಕಾಂಪೋಸ್ಟ್, ಒಂದು ಪಾಲು ಕೆಂಪುಮಣ್ಣು ಸೇರಿಸಿ, ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ ಬೆರೆಸಿದರೆ ಹಗುರವಾದ ಮಿಶ್ರಣ ಸಿದ್ಧವಾಗುತ್ತದೆ. ನಾರಿನ ಪುಡಿಯಲ್ಲಿ ಉಪ್ಪಿನಂಶ ಇರುವುದರಿಂದ ಅದನ್ನು ಎರಡು ಸಲ ತೊಳೆದು ಹಿಂಡಿಯೇ ಬಳಸಬೇಕು.

ಕೊತ್ತಂಬರಿ ಬೀಜವನ್ನು ಅಂಗೈಯಿಂದ ಒತ್ತಿ ಎರಡು ಹೋಳು ಮಾಡಿ, ಒಂದು ರಾತ್ರಿ ನೆನೆಸಿ ಬಿತ್ತಿದರೆ ಎಂಟು-ಹತ್ತು ದಿನಗಳಲ್ಲಿ ಮೊಳೆಯುತ್ತದೆ. ಸೆಖೆಯಲ್ಲಿ ಅದು ಬೇಗನೆ ಹೂಬಿಡುವುದರಿಂದ ಏಪ್ರಿಲ್, ಮೇ ತಿಂಗಳಲ್ಲಿ ಆ ಜಾಗವನ್ನು ಹರಿವೆಗೆ ಬಿಟ್ಟುಕೊಡುವುದು ಜಾಣತನ. ಮೆಂತ್ಯ ಮೂರ್ನಾಲ್ಕು ದಿನಗಳಲ್ಲೇ ಮೊಳೆತು ಒಂದು ತಿಂಗಳೊಳಗೆ ಸಾರಿಗೆ ಸಿದ್ಧವಾಗುತ್ತದೆ. ಪುದೀನಕ್ಕೆ ಬೀಜ ಬೇಡ. ಮಾರುಕಟ್ಟೆಯ ಕಟ್ಟಿನಿಂದ ದಪ್ಪ ಕಡ್ಡಿಗಳನ್ನು ಆರಿಸಿ ನೀರಿನಲ್ಲಿಟ್ಟರೆ ಬೇರು ಬರುತ್ತದೆ, ಆದರೆ ಅದನ್ನು ಪ್ರತ್ಯೇಕ ಕುಂಡದಲ್ಲಿ ನೆಡದಿದ್ದರೆ ನೆರೆಯ ಗಿಡಗಳನ್ನು ನುಂಗಿಬಿಡುತ್ತದೆ.

ಟೊಮೆಟೊ ಬೆಳೆಯುವವರು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿಯನ್ನು ಪರಿಗಣಿಸಬಹುದು. ಅದು ಎಲೆ ಮುಟುರು ನಂಜು, ದುಂಡಾಣು ಸೊರಗು ರೋಗ ಮತ್ತು ಎಲೆ ಅಂಗಮಾರಿಯನ್ನು ತಡೆದುಕೊಳ್ಳುವಂತೆ ರೂಪಿಸಿದ ಸಂಕರಣ (ಹೈಬ್ರಿಡ್) ತಳಿ. ಸಂಕರಣವಾದ್ದರಿಂದ ಅದರ ಹಣ್ಣಿನ ಬೀಜವನ್ನು ಮತ್ತೆ ಬಿತ್ತಿದರೆ ಅದೇ ಗುಣ ಬರುವುದಿಲ್ಲ. ಗಿಡವೊಂದಕ್ಕೆ 15 ಲೀಟರಿಗೆ ಕಡಿಮೆಯಿಲ್ಲದ ಕುಂಡ ಕೊಟ್ಟು ಕೋಲು ಆಧಾರ ನಿಲ್ಲಿಸಬೇಕು. ಬಲೆಯೊಳಗೆ ಗಾಳಿಯೂ ಜೇನೂ ಕಡಿಮೆಯಿರುವುದರಿಂದ ಬೆಳಗಿನ ಹೊತ್ತು ಹೂಗೊಂಚಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಪರಾಗ ಉದುರಿ ಕಾಯಿ ಕಟ್ಟುತ್ತದೆ. ಹೀರೆ, ಸೌತೆಗಳಲ್ಲಿ ಗಂಡುಹೂ, ಹೆಣ್ಣುಹೂ ಬೇರೆಬೇರೆಯಾದ್ದರಿಂದ ಪ್ರತಿ ಹೂವಿಗೂ ಕೈಯಾರೆ ಪರಾಗ ಸವರಬೇಕು. ಇಷ್ಟು ಚಿಕ್ಕ ಗೂಡಿಗೆ ಆ ತಾಪತ್ರಯ ಬೇಡವೆಂದೇ ನನ್ನ ಅಭಿಪ್ರಾಯ.

ನೀರನ್ನು ಗಡಿಯಾರ ನೋಡಿ ಹಾಕಬಾರದು. ಬೆರಳನ್ನು ಒಂದು ಇಂಚು ಮಣ್ಣಿಗೆ ಚುಚ್ಚಿ, ಒಣಗಿದ್ದರೆ ಮಾತ್ರ ಬೆಳಿಗ್ಗೆ ಬುಡಕ್ಕೆ ಹಾಕಬೇಕು. ಮಳೆಗಾಲದ ತೇವದಲ್ಲಿ ಎಳೆಯ ಸಸಿಗಳು ಬುಡ ಕೊಳೆತು ಬೀಳಲು ಅತಿ ನೀರೇ ಹೆಚ್ಚಿನ ಸಲ ಕಾರಣ. ಬಲೆ ಎಷ್ಟೇ ಬಿಗಿಯಾಗಿದ್ದರೂ ಥ್ರಿಪ್ಸ್ ಎಂಬ ಸಣ್ಣ ರಸಹೀರುವ ಕೀಟ ಮತ್ತು ನುಸಿ ನುಸುಳುತ್ತವೆ, ಹಿಟ್ಟುತಿಗಣೆ ತಂದ ಸಸಿಯ ಜೊತೆಯಲ್ಲೇ ಬರುತ್ತದೆ. ಹೊಸ ಗಿಡವನ್ನು ಒಂದು ವಾರ ಹೊರಗೇ ಇಟ್ಟು ಗಮನಿಸಿ, ಎಲೆಯ ಅಡಿಭಾಗವನ್ನು ದಿನ ಬಿಟ್ಟು ದಿನ ನೋಡುತ್ತಿರಬೇಕು. ಕೀಟ ಕಂಡರೆ ಒಂದು ಲೀಟರ್ ನೀರಿಗೆ ಐದು ಮಿಲಿಲೀಟರ್ ಬೇವಿನ ಎಣ್ಣೆಯನ್ನು ಕೆಲವು ಹನಿ ಸಾಬೂನು ದ್ರಾವಣದೊಂದಿಗೆ ಕದಡಿ, ಬಿಸಿಲು ಇಳಿದ ಮೇಲೆ ಎಲೆಯ ಅಡಿಗೆ ತಾಗುವಂತೆ ಸಿಂಪಡಿಸಿ, ವಾರದ ನಂತರ ಇನ್ನೊಮ್ಮೆ ಸಿಂಪಡಿಸಬೇಕು.