ಫ್ರೀ ಸಾಫ್ಟ್‌ವೇರ್‌ಗೆ ನಾನು ಬಿಲ್ ಬರೆಯುವ ರೀತಿ

"ಅದು ಫ್ರೀ ಅಲ್ವಾ ಸಾರ್, ಮತ್ಯಾಕೆ ದುಡ್ಡು?" ತಿಪಟೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟ ಮೇಲೆ ನಾನು ಜಾಸ್ತಿ ಕೇಳಿರುವ ಪ್ರಶ್ನೆ ಇದೇ. ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಕ್ರ್ಯಾಕ್ ಮಾಡಿದ ವಿಂಡೋಸ್, ಕ್ರ್ಯಾಕ್ ಮಾಡಿದ ಆಫೀಸ್ ಎರಡನ್ನೂ ಹಾಕಿಕೊಡುವವನಿಗೆ ಇದೇ ಗಿರಾಕಿ ತುಟಿ ಪಿಟಕ್ಕೆನ್ನದೆ ದುಡ್ಡು ಎಣಿಸುತ್ತಾರೆ. ಆಫೀಸ್ ಬದಲಿಗೆ ಪುಕ್ಕಟೆ ಸಿಗುವ ಲಿಬ್ರೆಆಫೀಸ್ ಹಾಕಿಕೊಟ್ಟರೆ ಮಾತ್ರ ಚೌಕಾಸಿ ಶುರು.

ಕಾನೂನಿನ ಪ್ರಕಾರ ದುಡ್ಡು ತಗೋಬಾರದು ಅಂತ ಎಲ್ಲೂ ಇಲ್ಲ. ಫ್ರೀ ಸಾಫ್ಟ್‌ವೇರ್‌ಗೆ ಹಾಕುವ ಲೈಸೆನ್ಸ್‌ಗಳಲ್ಲಿ ಜಿಪಿಎಲ್ ಅಂತ ಒಂದಿದೆ. ಅದು ಇರುವ ತಂತ್ರಾಂಶದ ಒಂದೊಂದು ಪ್ರತಿಗೂ ಎಷ್ಟು ಬೇಕಾದರೂ ಬೆಲೆ ಕೇಳಬಹುದು, ಕೇಳದೆಯೂ ಇರಬಹುದು ಅಂತ ಆ ಲೈಸೆನ್ಸಿನಲ್ಲೇ ಬರೆದಿದೆ. ಅದನ್ನು ಹುಟ್ಟುಹಾಕಿದ ರಿಚರ್ಡ್ ಸ್ಟಾಲ್‌ಮನ್ ಅವರೇ 1985ರಲ್ಲಿ ತಮ್ಮ ಇಮ್ಯಾಕ್ಸ್ ಅನ್ನೋ ಬರೆಯುವ ತಂತ್ರಾಂಶದ ಟೇಪನ್ನು 150 ಡಾಲರ್‌ಗೆ ಮಾರುತ್ತಿದ್ದರು. ಹಾಗಾಗಿ ತಗೋಬಹುದಾ ಅನ್ನೋದು ನನಗೆ ತಲೆನೋವಲ್ಲ. ಎಷ್ಟು, ಯಾವುದಕ್ಕೆ, ಹೇಳಿ ತಗೋತೀವಾ ಹೇಳದೆಯಾ, ಅಷ್ಟೇ ಇರೋದು.

ಸಾಫ್ಟ್‌ವೇರ್ ಒಂದಕ್ಕೆ ಇಷ್ಟು ಅಂತ ರೇಟ್ ಹಾಕುವ ಅಂಗಡಿಗಳಿವೆ. ವಿಡಿಯೋ ನೋಡುವ ವಿಎಲ್‌ಸಿಗೆ 50 ರೂಪಾಯಿ, ಬ್ರೌಸರ್‌ಗೆ 50, ಪಿಡಿಎಫ್ ಓದುವುದಕ್ಕೆ ಇನ್ನೊಂದು 50. ಇದು ನನಗೆ ಸರಿ ಕಾಣುವುದಿಲ್ಲ. ಈಗಿನ ವಿಂಡೋಸ್‌ನಲ್ಲಿ ವಿಂಗೆಟ್ ಅಂತ ಒಂದು ಸಲಕರಣೆ ಇದೆ. ಬೇಕಾದ ಹೆಸರುಗಳನ್ನೆಲ್ಲ ಒಂದು ಪಟ್ಟಿಯಲ್ಲಿ ಬರೆದಿಟ್ಟು ಒಂದು ಕಮಾಂಡ್ ಕೊಟ್ಟರೆ ವಿಎಲ್‌ಸಿ, 7-ಜಿಪ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಎಲ್ಲ ತಾವಾಗಿಯೇ ಇಳಿದು ಕೂರುತ್ತವೆ. ಆ ಹೊತ್ತಿಗೆ ನಾನು ಪಕ್ಕದ ಟೇಬಲ್ಲಿನ ಲ್ಯಾಪ್‌ಟಾಪಿನ ಫ್ಯಾನ್ ಬಿಚ್ಚಿ ಧೂಳು ಹೊಡೀತಿರುತ್ತೇನೆ. ಹಾಗಿರುವಾಗ ಐದು ಸಾಫ್ಟ್‌ವೇರ್‌ಗೆ ಐದು ಸಲ ಲೆಕ್ಕ ಹಾಕಿದರೆ ಹೇಗೆ? ಡೌನ್‌ಲೋಡ್ ಮುಗಿಯುವವರೆಗೆ ಗಡಿಯಾರ ನೋಡಿ ಲೆಕ್ಕ ಹಾಕಿದರೂ ತಪ್ಪೇ. ನನ್ನ ಕೈ ಎಷ್ಟು ಹೊತ್ತು ಆ ಮಷೀನಿನ ಮೇಲಿತ್ತೋ ಅಷ್ಟಕ್ಕೆ ಮಾತ್ರ ಕೂಲಿ. ವಿಎಲ್‌ಸಿ ಒಂದೇ ಬೇಕು ಅಂತ ಬಂದವರಿಗೆ ಹಾಕಿಕೊಟ್ಟು ಕಳಿಸುತ್ತೇನೆ, ಕಾಸಿಲ್ಲ.

ಕೈ ನಿಜವಾಗಿ ಸವೆಯುವುದು ಡೌನ್‌ಲೋಡ್ ಆದ ಮೇಲೆ. ಲಿಬ್ರೆಆಫೀಸ್ ಸುಮ್ನೆ ಹಾಕಿ ಕಳಿಸಿದರೆ ಮರುದಿನವೇ ಗಿರಾಕಿ ವಾಪಸ್ ಬರುತ್ತಾರೆ. ಅದು ತಾನಾಗಿ ತನ್ನದೇ ಒಡಿಟಿ ಅನ್ನೋ ಥರದ ಫೈಲ್ ಆಗಿ ಸೇವ್ ಮಾಡುತ್ತದೆ, ಅವರ ಆಫೀಸಿನಲ್ಲಿ ಎಲ್ಲರದೂ ವರ್ಡ್ ಫೈಲ್. ಸೆಟ್ಟಿಂಗ್ಸ್‌ನಲ್ಲಿ ಅದನ್ನು ವರ್ಡ್‌ನ ಡಾಕ್ಸ್‌ಗೆ ಬದಲಾಯಿಸಬೇಕು. ವರ್ಡ್ ಫೈಲ್‌ಗಳಲ್ಲಿ ಬರುವ ಕ್ಯಾಲಿಬ್ರಿ ಫಾಂಟ್ ಇಲ್ಲದ ಕಡೆ ಸಾಲುಗಳು ಜರುಗದಂತೆ ಅದೇ ಅಳತೆಯ ಕಾರ್ಲಿಟೊ ಫಾಂಟ್ ಇದೆಯಾ ನೋಡಬೇಕು. ಕನ್ನಡ ಭಾಷೆ ಆನ್ ಮಾಡಬೇಕು.

ಇನ್ನು ನುಡಿ ಫೈಲ್‌ಗಳ ಕಥೆಯೇ ಬೇರೆ. ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶ ಪುಕ್ಕಟೆಯೇ, ಕನ್ನಡ ಗಣಕ ಪರಿಷತ್ತು ಮಾಡಿದ್ದು. ಆದರೆ ಯೂನಿಕೋಡ್, ಅಂದರೆ ಎಲ್ಲ ಮಷೀನಿನಲ್ಲೂ ಓದಲು ಬರುವ ಅಕ್ಷರ ವ್ಯವಸ್ಥೆ, ಬರುವ ಮೊದಲಿನ ಫಾಂಟಿನಲ್ಲಿ ಟೈಪ್ ಮಾಡಿದ ಹಳೇ ಪತ್ರ ತೆರೆದರೆ, ಆ ಫಾಂಟ್ ಇಲ್ಲದ ಮಷೀನಿನಲ್ಲಿ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಯೂನಿಕೋಡಿಗೆ ಬದಲಾಯಿಸುವ ಸಲಕರಣೆಗಳೂ ಫ್ರೀ ಸಿಗುತ್ತವೆ. ಆದರೆ ಕನ್ನಡದ ನಡುವೆ ಇಂಗ್ಲಿಷ್ ಹೆಸರು, ಇಮೇಲ್ ವಿಳಾಸ ಇದ್ದರೆ ಅವನ್ನೂ ಕನ್ನಡ ಅಂದುಕೊಂಡು ತಿರುಚಿಬಿಡುತ್ತವೆ. ಒಂದೊಂದು ಪುಟವನ್ನೂ ಕಣ್ಣಿಟ್ಟು ನೋಡಲೇಬೇಕು. ಡಿಟಿಪಿ ಅಂಗಡಿಯವರು ಇದಕ್ಕೆ ಯಾವತ್ತೂ ಚೌಕಾಸಿ ಮಾಡಿಲ್ಲ, ಅವರಿಗೆ ಕಷ್ಟ ಗೊತ್ತು.

ಹಾಗಾಗಿ ನನ್ನ ಬಿಲ್ಲಿನಲ್ಲಿ ಎರಡು ಥರದ ಸಾಲುಗಳಿರುತ್ತವೆ. ಮೊದಲು ಸಾಫ್ಟ್‌ವೇರ್ ಹೆಸರುಗಳು, ಎದುರಿಗೆ ಸೊನ್ನೆ. ಕೆಳಗೆ ಕೆಲಸ: ಡೇಟಾ ಬ್ಯಾಕಪ್, ಡ್ರೈವರ್, ಪ್ರಿಂಟರ್ ಜೋಡಣೆ, ಕನ್ನಡ ಸೆಟ್ಟಿಂಗ್. ಸೊನ್ನೆ ಬರೆಯುವುದು ದೊಡ್ಡಸ್ತಿಕೆಗಲ್ಲ. ನಾಳೆ ಬೇರೆ ಅಂಗಡಿಯವನು ಅದನ್ನೇ "ಒರಿಜಿನಲ್ ಸಾಫ್ಟ್‌ವೇರ್" ಅಂತ 1000 ರೂಪಾಯಿ ಕೇಳಿದರೆ ಗಿರಾಕಿ ನನ್ನ ಬಿಲ್ ತೋರಿಸಲಿ ಅಂತ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬಿಲ್ ಕೊಡದೇ ಇರುವುದೂ ಅನುಚಿತ ವ್ಯಾಪಾರ ಪದ್ಧತಿಯೇ. ಆದರೂ ನಮ್ಮ ಕಸುಬಿನಲ್ಲಿ ಚೀಟಿ ಹಿಂದೆ ಒಟ್ಟು ಮೊತ್ತ ಗೀಚಿ ಕೊಡುವವರೇ ಜಾಸ್ತಿ. ಮೋಸ ಅಡಗಿ ಕೂರುವುದು ಆ ಒಟ್ಟು ಮೊತ್ತದಲ್ಲೇ.

ಆಂಟಿವೈರಸ್ ವಿಷಯದಲ್ಲಿ ಇದನ್ನು ತುಂಬ ನೋಡಿದ್ದೇನೆ. ವಿಂಡೋಸ್ 8ರಿಂದ ಡಿಫೆಂಡರ್ ಅನ್ನೋ ಆಂಟಿವೈರಸ್ ಒಳಗೇ ಬರುತ್ತದೆ, ಮನೆ ಬಳಕೆಗೆ ಸಾಕು. ಅದನ್ನು ಬಾಯಿಬಿಟ್ಟು ಹೇಳುವ ಅಂಗಡಿಯವರು ಕಡಿಮೆ, ಯಾಕೆಂದರೆ ಬೇರೆ ಆಂಟಿವೈರಸ್ ಡಬ್ಬಿ ಮಾರಿದರೆ ಕಮಿಷನ್. ಇದಕ್ಕಿಂತ ಕೆಟ್ಟದ್ದು, 30 ದಿನದ ಟ್ರಯಲ್ ಹಾಕಿ ಪೂರ್ತಿ ದುಡ್ಡು ತಗೊಳ್ಳುವುದು. ಎಲ್ಲ ಫ್ರೀಯೂ ಎಲ್ಲರಿಗೂ ಫ್ರೀ ಅಲ್ಲ, ಇದನ್ನೂ ನಾವೇ ಹೇಳಬೇಕು. ದೂರದಿಂದಲೇ ಇನ್ನೊಂದು ಕಂಪ್ಯೂಟರ್ ನಡೆಸುವ ಎನಿಡೆಸ್ಕ್ ಮನೆ ಬಳಕೆಗೆ ಪುಕ್ಕಟೆ, ಕೊಬ್ಬರಿ ಮಂಡಿಯ ಆಫೀಸಿಗೆ ಅಲ್ಲ. ಫೈಲ್ ಕುಗ್ಗಿಸುವ ವಿನ್‌ರಾರ್ 40 ದಿನದ ಟ್ರಯಲ್. ಅದಕ್ಕೇ ನಾನು ಮಂಡಿಗಳಿಗೆ ಅವೆರಡರ ಬದಲು ಅದೇ ಕೆಲಸ ಮಾಡುವ ರಸ್ಟ್‌ಡೆಸ್ಕ್, 7-ಜಿಪ್ ಹಾಕುತ್ತೇನೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಸಪೋರ್ಟ್ ನಿಂತ ಮೇಲೆ ವಿಂಡೋಸ್ ಬದಲಿಗೆ ಹಾಕುವ, ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಕೇಳುವವರು ಹೆಚ್ಚಾದರು. ಟಿಪಿಎಂ 2.0 ಅನ್ನೋ ಸುರಕ್ಷತಾ ಚಿಪ್ ಇಲ್ಲದ ಹಳೇ ಮಷೀನಿಗೆ ಮೈಕ್ರೋಸಾಫ್ಟ್ ನಿಯಮದ ಪ್ರಕಾರ ವಿಂಡೋಸ್ 11 ಕೂರುವುದಿಲ್ಲ, ಮಿಂಟ್ ಆರಾಮಾಗಿ ಓಡುತ್ತದೆ. ಹಾಕುವುದು ಸುಲಭ, ಬೇಗ ಮುಗಿಯುತ್ತದೆ. ಆಮೇಲೆ ಶುರುವಾಗುವುದು ಫೋನು. "ಅಣ್ಣಾ, ಸ್ಕ್ಯಾನರ್ ಎಲ್ಲಿದೆ?" "ಸಾರ್, ಪೆನ್‌ಡ್ರೈವ್ ಎಲ್ಲಿ ಕಾಣುತ್ತೆ?" ಇದನ್ನು ಯಾವ ಸಾಲಿನಲ್ಲಿ ಬರೆಯಲಿ? ಈಗ ಮೊದಲೇ ಹೇಳಿಬಿಡುತ್ತೇನೆ: ಒಂದು ತಿಂಗಳ ಫೋನು ಆ ಕೂಲಿಯಲ್ಲೇ ಸೇರಿದೆ, ಆಮೇಲೆ ಅಂಗಡಿಗೆ ತಂದರೆ ಆ ಕೆಲಸಕ್ಕೆ ಬೇರೆ. ಗಿರಾಕಿಗಳಲ್ಲಿ ಮೇಷ್ಟ್ರುಗಳು ಇದಕ್ಕೆ ಒಪ್ಪಿದ್ದಾರೆ. ಮಂಡಿಯವರು ಮಾತ್ರ ಇನ್ನೂ ಕಾಫಿ ಕುಡಿಸಿ ಕೆಲಸ ಮಾಡಿಸಿಕೊಳ್ಳುತ್ತಾರೆ.