ಡೇಟು ಮುಗಿದ ವೇಪ್ ಲಿಕ್ವಿಡ್: ಎಳೆಯಬಹುದಾ, ಎಸೆಯಬೇಕಾ?

ಭಟ್ಕಳದಿಂದ ಕಾರವಾರದವರೆಗೆ, ಗಲ್ಫಿನಲ್ಲೋ ಹಡಗಿನಲ್ಲೋ ದುಡಿಯುವವರು ಇಲ್ಲದ ಕೇರಿ ಕಡಿಮೆ. ರಜೆಗೆ ಬರುವವರ ಸೂಟ್‌ಕೇಸಿನಲ್ಲಿ ಸೆಂಟು, ಖರ್ಜೂರ, ಚಾಕಲೇಟಿನ ಜೊತೆ ಈಗ ಒಮ್ಮೊಮ್ಮೆ ಇನ್ನೊಂದು ಸಾಮಾನೂ ಇರುತ್ತದೆ. ಬೆರಳುದ್ದದ ಪ್ಲಾಸ್ಟಿಕ್ ಬಾಟಲಿ, ಮೇಲೆ ಮಾವಿನಹಣ್ಣಿನ ಚಿತ್ರ, ಒಳಗೆ ವೇಪ್ ಲಿಕ್ವಿಡ್, ಅಂದರೆ ಇ-ಸಿಗರೇಟಿನಲ್ಲಿ ಬಿಸಿಯಾಗಿ ಆವಿಯಾಗುವ ದ್ರವ. ರಜೆ ಮುಗಿಸಿ ಅಣ್ಣ ವಾಪಸ್ ಹೋಗುತ್ತಾನೆ, ಬಾಟಲಿ ಕಪಾಟಿನಲ್ಲೇ ಉಳಿಯುತ್ತದೆ. ವರ್ಷ ಕಳೆದ ಮೇಲೆ ಅದು ತಮ್ಮನ ಕೈಗೆ ಸಿಗುತ್ತದೆ. 'ಡೇಟು ಮುಗಿದಿದೆ. ಎಳೆದರೆ ಏನಾದರೂ ಆಗುತ್ತಾ?'

ಉತ್ತರ ಮೊದಲೇ ಹೇಳಿಬಿಡುತ್ತೇನೆ: ಎಳೆಯಬೇಡಿ. ಡೇಟು ಮುಗಿದ ಮರುದಿನವೇ ಅದೇನೂ ಹೊಸದಾಗಿ ವಿಷವಾಗುವುದಿಲ್ಲ, ನಿಜ. ಆದರೆ ಡೇಟು ಮುಗಿಯುವ ಮುಂಚೆಯೂ ಅದು ಒಳ್ಳೆಯದೇನೂ ಆಗಿರಲಿಲ್ಲ. ರುಚಿ, ಘಾಟು ಎಷ್ಟು ದಿನ ಉಳಿಯುತ್ತದೆ ಎಂಬುದಷ್ಟೇ ಆ ತಾರೀಖಿನ ಲೆಕ್ಕ. ಶ್ವಾಸಕೋಶದ ಸುದ್ದಿ ಅದರಲ್ಲಿಲ್ಲ. ಹಾಗಾಗಿ ಬಾಟಲಿಯನ್ನು ಪರೀಕ್ಷೆ ಮಾಡುವುದು ಸೇದುವುದಕ್ಕಲ್ಲ. ಮನೆಯಲ್ಲಿ ಎಷ್ಟು ಅಪಾಯದ ವಸ್ತು ಕೂತಿದೆ ಎಂದು ತಿಳಿಯಲಿಕ್ಕೆ, ಸರಿಯಾಗಿ ವಿಲೇವಾರಿ ಮಾಡಲಿಕ್ಕೆ.

ಹೆಜ್ಜೆ 1: ಲೇಬಲ್ ಓದಿ, ಪೂರ್ತಿ ನಂಬಬೇಡಿ

ಬಾಟಲಿಯ ತಳ, ಬೆನ್ನು ಎರಡೂ ನೋಡಿ. ತಯಾರಕರು ಸಾಮಾನ್ಯವಾಗಿ 1ರಿಂದ 2 ವರ್ಷದ ಅವಧಿ ಕೊಡುತ್ತಾರೆ. ತಾರೀಖು ಓದುವಾಗ ಒಂದು ಎಡವಟ್ಟು ಆಗುವುದುಂಟು. 03/04/2024 ಎಂದಿದ್ದರೆ ಅಮೆರಿಕದ ಮಾಲಿನಲ್ಲಿ ಅದು ಮಾರ್ಚ್ 4, ಬ್ರಿಟನ್ನಿನ ಮಾಲಿನಲ್ಲಿ ಏಪ್ರಿಲ್ 3. ಒಂದು ಸ್ಟಿಕ್ಕರ್ ಮೇಲೆ ಇನ್ನೊಂದು ಅಂಟಿಸಿದ್ದರೆ, ಉಗುರಿನಲ್ಲಿ ಉಜ್ಜಿದಾಗ ತಾರೀಖು ಅಳಿಸಿಹೋದರೆ, ಆ ಲೇಬಲ್ಲಿಗೆ ಬೆಲೆ ಇಲ್ಲ. ನಮ್ಮ ದೇಶದಲ್ಲಿ ಇದರ ಮಾರಾಟವೇ ನಿಷೇಧ. ಅಂದಮೇಲೆ ಇಲ್ಲಿ ಕೈಗೆ ಸಿಗುವುದೆಲ್ಲ ಕದ್ದು ಬಂದ ಮಾಲು. ಅದನ್ನು ಯಾರೂ ಪರೀಕ್ಷೆ ಮಾಡಿರುವುದಿಲ್ಲ.

ಇನ್ನೊಂದು ಮಾತು. ಆ 2 ವರ್ಷ ಅನ್ನುವುದು ಸೀಲ್ ಒಡೆಯದೆ, ತಂಪಾದ ಕತ್ತಲೆ ಜಾಗದಲ್ಲಿ ಇಟ್ಟ ಬಾಟಲಿಯ ಆಯುಷ್ಯ. ಏಪ್ರಿಲ್ ತಿಂಗಳ ಮಧ್ಯಾಹ್ನ ಕಾರವಾರದ ಬೀಚಿನ ಹತ್ತಿರ ನಿಲ್ಲಿಸಿದ ಸ್ಕೂಟಿಯ ಡಿಕ್ಕಿಗೆ ಕೈ ಹಾಕಿ ನೋಡಿ, ಗೊತ್ತಾಗುತ್ತದೆ. ಅಲ್ಲಿ ಇಟ್ಟ ಬಾಟಲಿಗೆ ಲೇಬಲ್ ಮೇಲಿನ ತಾರೀಖು ಅನ್ವಯಿಸುವುದೇ ಇಲ್ಲ.

ಹೆಜ್ಜೆ 2: ನಿಕೋಟಿನ್ ಲೆಕ್ಕ ಹಾಕಿ

ಲೇಬಲ್ಲಿನಲ್ಲಿ ಒಂದು ಮಿಲಿಲೀಟರಿಗೆ ಇಷ್ಟು ಮಿಲಿಗ್ರಾಂ ಅಂತಲೋ ಶೇಕಡಾ ಲೆಕ್ಕದಲ್ಲೋ ನಿಕೋಟಿನ್ ಪ್ರಮಾಣ ಬರೆದಿರುತ್ತದೆ. ಶೇ 2 ಅಂದರೆ ಮಿಲಿಲೀಟರಿಗೆ 20 ಮಿಲಿಗ್ರಾಂ. ಶೇ 5 ಅಂದರೆ 50. ಯುರೋಪಿಯನ್ ಒಕ್ಕೂಟದಲ್ಲಿ 20ಕ್ಕಿಂತ ಜಾಸ್ತಿ ಇರುವಂತಿಲ್ಲ, ಬಾಟಲಿಯೂ 10 ಮಿಲಿಲೀಟರ್ ದಾಟುವಂತಿಲ್ಲ. ಬೇರೆ ಕಡೆಯ ಮಾಲಿಗೆ ಈ ಮಿತಿ ಇರಬೇಕೆಂದಿಲ್ಲ.

ಈಗ ಗುಣಿಸಿ. 10 ಮಿಲಿಲೀಟರಿನ, ಶೇ 2ರ ಬಾಟಲಿಯಲ್ಲಿ 200 ಮಿಲಿಗ್ರಾಂ ನಿಕೋಟಿನ್. 30 ಮಿಲಿಲೀಟರಿನ, ಶೇ 5ರ ಬಾಟಲಿಯಲ್ಲಿ 1,500 ಮಿಲಿಗ್ರಾಂ. ಒಂದು ಸಿಗರೇಟಿನಿಂದ ಸೇದುವವನ ದೇಹಕ್ಕೆ ಇಳಿಯುವುದು ಸುಮಾರು 1ರಿಂದ 2 ಮಿಲಿಗ್ರಾಂ ಅಷ್ಟೇ. ಮಾವಿನಹಣ್ಣಿನ ಚಿತ್ರದ ಆ ಪುಟ್ಟ ಬಾಟಲಿಯನ್ನು ಮಗು ಬಾಯಿಗೆ ಹಾಕಿದರೆ ಏನಾದೀತು, ನೀವೇ ಯೋಚಿಸಿ. ಹಳತಾದಂತೆ ನಿಕೋಟಿನ್ ಸ್ವಲ್ಪ ಕಡಿಮೆಯಾಗುತ್ತದೆ. ಆದರೆ ಮಗುವಿಗೆ ಅಪಾಯವಿಲ್ಲ ಅನ್ನುವಷ್ಟು ಕಡಿಮೆಯಾಗಿದೆ ಎಂದು ನಂಬಿ ಕೂರುವ ಹಾಗಿಲ್ಲ.

ಹೆಜ್ಜೆ 3: ನೋಡಿ. ಮೂಸಬೇಡಿ, ನೆಕ್ಕಬೇಡಿ

ಸಾರಿಗೆ ಉಪ್ಪು ಸರಿಯಿದೆಯಾ ಎಂದು ಅಂಗೈಗೆ ಒಂದು ತೊಟ್ಟು ಬಿಟ್ಟು ನೋಡುವ ಅಭ್ಯಾಸ ನಮಗೆಲ್ಲ ಇದೆ. ಇಲ್ಲಿ ಅದು ಬೇಡವೇ ಬೇಡ. ನಿಕೋಟಿನ್ ಚರ್ಮದಿಂದಲೂ ಒಳಗೆ ಹೋಗುತ್ತದೆ. ಬಾಟಲಿಯನ್ನು ತೆರೆಯದೆ ಬೆಳಕಿಗೆ ಹಿಡಿದರೆ ಸಾಕು.

ಒಳಗಿರುವುದು ಮುಖ್ಯವಾಗಿ ನಾಲ್ಕು ವಸ್ತು: ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ನಿಕೋಟಿನ್, ಫ್ಲೇವರ್. ಮೊದಲೆರಡು ಬೇಗ ಹಾಳಾಗುವುದಿಲ್ಲ. ಆದರೆ ಎರಡೂ ಗಾಳಿಯ ತೇವ ಹೀರುತ್ತವೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿ, ಬೆಲ್ಟಿಗೂ ಬೂಷ್ಟು ಹಿಡಿಯುವ ನಮ್ಮ ಊರಲ್ಲಿ ಮುಚ್ಚಳ ಸಡಿಲ ಬಿಟ್ಟ ಬಾಟಲಿ ಎಷ್ಟು ನೀರು ಎಳೆದುಕೊಂಡಿದೆಯೋ ಹೇಳಲಿಕ್ಕಾಗದು.

ನಿಕೋಟಿನ್ ಹಾಗಲ್ಲ. ಗಾಳಿ, ಬೆಳಕು, ಬಿಸಿ ಮೂರೂ ಅದಕ್ಕೆ ಆಗುವುದಿಲ್ಲ. ಕೊಯ್ದಿಟ್ಟ ಬಾಳೆಕಾಯಿ ಗಾಳಿಗೆ ಕಪ್ಪಾಗುವ ಹಾಗೆ ಇದೂ ಆಮ್ಲಜನಕದ ಜೊತೆ ಸೇರಿ ಕಂದು ಬಣ್ಣಕ್ಕೆ ತಿರುಗುತ್ತದೆ. ಘಾಟು ಒರಟಾಗುತ್ತದೆ, ನಿಕೋಟಿನ್ನಿನ ಶಕ್ತಿ ಇಳಿಯುತ್ತದೆ. ಶಕ್ತಿ ಇಳಿದರೆ ಒಳ್ಳೆಯದೇ ಅಲ್ವಾ ಎಂದು ಕೇಳಬಹುದು. ಚಟ ಹತ್ತಿದವನು ಸಾಕಾಗಲಿಲ್ಲ ಎಂದು ಇನ್ನೂ ನಾಲ್ಕು ದಮ್ ಜಾಸ್ತಿ ಎಳೆಯುತ್ತಾನೆ, ಅಷ್ಟೇ. ಉಳಿದ ರಾಸಾಯನಿಕಗಳೂ ಅಷ್ಟು ಜಾಸ್ತಿ ಒಳಗೆ ಹೋಗುತ್ತವೆ.

ನನಗೆ ಹೆಚ್ಚು ಅನುಮಾನ ಇರುವುದು ಫ್ಲೇವರ್ ಮೇಲೆ. ವೆನಿಲ್ಲಾ, ದಾಲ್ಚಿನ್ನಿ, ಚೆರ್ರಿಯ ಪರಿಮಳ ಕೊಡುವುದು ಆಲ್ಡಿಹೈಡ್ ಎಂಬ ಜಾತಿಯ ರಾಸಾಯನಿಕಗಳು. ಇವು ಪ್ರೊಪಿಲೀನ್ ಗ್ಲೈಕಾಲ್ ಜೊತೆ ಸೇರಿ ಅಸಿಟಾಲ್ ಎಂಬ ಹೊಸ ವಸ್ತುಗಳಾಗುತ್ತವೆ. ಅಮೆರಿಕದ ಯೇಲ್ ಮತ್ತು ಡ್ಯೂಕ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು 2018ರಲ್ಲಿ ಇದನ್ನು ತೋರಿಸಿದರು. ಇದಕ್ಕೆ ಬೆಂಕಿ ಬೇಡ, ಬಿಸಿ ಬೇಡ. ಕಪಾಟಿನಲ್ಲಿ ಸುಮ್ನೆ ಕೂತ ಬಾಟಲಿಯೊಳಗೇ ನಡೆಯುತ್ತದೆ. ಹೀಗೆ ಹುಟ್ಟಿದ ವಸ್ತುಗಳು ಆವಿಯಲ್ಲಿ ಸೇರಿ ಶ್ವಾಸನಾಳವನ್ನು ಕೆರಳಿಸುತ್ತವೆ. ಇವುಗಳ ಹೆಸರು ಯಾವ ಲೇಬಲ್ಲಿನಲ್ಲೂ ಇರುವುದಿಲ್ಲ, ಯಾಕೆಂದರೆ ತಯಾರಕ ಇವನ್ನು ಹಾಕಿರುವುದೇ ಇಲ್ಲ.

ಪದರ ಪದರವಾಗಿ ಬೇರ್ಪಟ್ಟಿದೆ, ತಳದಲ್ಲಿ ಕಸ ಕೂತಿದೆ, ಕಡು ಕಂದು ಬಣ್ಣ ಬಂದಿದೆ ಎಂದಾದರೆ ಹಾಳಾಗಿರುವ ಸಾಧ್ಯತೆ ಹೆಚ್ಚು. ತಿಳಿಯಾಗಿ ಕಂಡರೆ ಸರಿಯಿದೆ ಅಂತಲ್ಲ. ಬಣ್ಣವೊಂದನ್ನೇ ನಂಬುವ ಹಾಗೂ ಇಲ್ಲ: ಕಾಫಿ, ತಂಬಾಕಿನ ಫ್ಲೇವರಿನ ಕೆಲವು ಲಿಕ್ವಿಡ್ ಹೊಸದರಲ್ಲೂ ಕಪ್ಪಗೇ ಇರುತ್ತದೆ.

ಹೆಜ್ಜೆ 4: ಡೇಟು ಇನ್ನೂ ಇದ್ದರೆ?

ಆಗಲೂ ಬೇಡ. ಲಿಕ್ವಿಡ್ ಕಾದ ತಂತಿಗೆ ತಾಗಿದಾಗ ಫಾರ್ಮಾಲ್ಡಿಹೈಡ್, ಅಕ್ರೋಲೀನ್ ಹುಟ್ಟುತ್ತವೆ. ತಂತಿಯಿಂದ ನಿಕ್ಕಲ್, ಕ್ರೋಮಿಯಂನಂಥ ಲೋಹದ ಕಣಗಳೂ ಆವಿಗೆ ಸೇರುತ್ತವೆ. 'ಫುಡ್ ಗ್ರೇಡ್' ಎಂಬ ಮಾತಿಗೆ ಮರುಳಾಗಬೇಡಿ. ಹೊಟ್ಟೆಗೆ ಆಗುವುದೆಲ್ಲ ಶ್ವಾಸಕೋಶಕ್ಕೆ ಆಗುವುದಿಲ್ಲ. 2019ರಲ್ಲಿ ಅಮೆರಿಕದಲ್ಲಿ ವೇಪ್ ಎಳೆದವರಿಗೆ ಶ್ವಾಸಕೋಶದ ಕಾಯಿಲೆ ಸಾಲುಸಾಲಾಗಿ ಬಂತು. 2020ರ ಫೆಬ್ರುವರಿ ಹೊತ್ತಿಗೆ 2,807 ಪ್ರಕರಣ, 68 ಸಾವು ದಾಖಲಾಗಿದ್ದವು. ಬಹುತೇಕ ಗಾಂಜಾ ಅಂಶದ ಲಿಕ್ವಿಡ್‌ಗಳಲ್ಲಿ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಅದಕ್ಕೆ ದೊಡ್ಡ ಕಾರಣ ಎಂದು ಗೊತ್ತಾಯಿತು. ಮುಖಕ್ಕೆ ಹಚ್ಚುವ ಕ್ರೀಮಿನಲ್ಲಿ ಇರುವಂಥದ್ದೇ ಅದು.

ಕಾನೂನಿನ ಮಾತೂ ಇದೆ. ಕರ್ನಾಟಕ 2016ರಲ್ಲೇ ಇ-ಸಿಗರೇಟ್ ನಿಷೇಧಿಸಿತು. 2019ರಲ್ಲಿ ಇಡೀ ದೇಶಕ್ಕೆ ಕಾಯ್ದೆ ಬಂತು. ನಿಕೋಟಿನ್ ಇರಲಿ ಬಿಡಲಿ, ತಯಾರಿಕೆ, ಆಮದು, ಮಾರಾಟ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಸಲಕ್ಕೆ 1 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ದಾಸ್ತಾನು ಇಟ್ಟರೆ 6 ತಿಂಗಳವರೆಗೆ ಜೈಲು, 50,000 ರೂಪಾಯಿವರೆಗೆ ದಂಡ, ಅಥವಾ ಎರಡೂ. 'ಗೋವಾದಲ್ಲಿ ನಡೆಯುತ್ತದಂತೆ' ಎಂದು ನಮ್ಮ ಹುಡುಗರು ಹೇಳುವುದುಂಟು. ಕಾಳಿ ಸೇತುವೆ, ಮಾಜಾಳಿ ಗಡಿ ದಾಟಿದ ಮಾತ್ರಕ್ಕೆ ಕೇಂದ್ರದ ಕಾಯ್ದೆ ಬದಲಾಗುವುದಿಲ್ಲ.

ಹೆಜ್ಜೆ 5: ರಿಪೇರಿ ಬೇಡ

ಮೆಡಿಕಲ್ ಶಾಪಿನ ಗ್ಲಿಸರಿನ್, ಕೇಕಿನ ಎಸೆನ್ಸ್ ಬೆರೆಸಿ ಹಳೆ ಲಿಕ್ವಿಡ್‌ಗೆ ಜೀವ ಕೊಡುವ ವಿಡಿಯೊಗಳು ಮೊಬೈಲಿನಲ್ಲಿ ಓಡಾಡುತ್ತವೆ. ಎಸೆನ್ಸಿನಲ್ಲಿ ಎಣ್ಣೆ ಅಂಶ ಇದ್ದರೆ ಅದು ಶ್ವಾಸಕೋಶದಲ್ಲಿ ಕೂತು ನ್ಯುಮೋನಿಯಾ ತರಬಲ್ಲದು. ಇಷ್ಟು ಸಾಕು.

ಹೆಜ್ಜೆ 6: ಮೊದಲು ಔಷಧಿ ಡಬ್ಬಿಯಿಂದ ಹೊರಗೆ ತೆಗೆಯಿರಿ

10 ಮಿಲಿಲೀಟರಿನ ಬಾಟಲಿ ಮತ್ತು ಕಣ್ಣಿನ ಡ್ರಾಪ್ಸ್ ಬಾಟಲಿ ಅಕ್ಕಪಕ್ಕ ಇಟ್ಟು ನೋಡಿ. ಅದೇ ಎತ್ತರ, ಅದೇ ಮೆತ್ತನೆ ಪ್ಲಾಸ್ಟಿಕ್, ಅದೇ ಚೂಪು ಮೂತಿ. ಪೊರೆಯ ಆಪರೇಷನ್ ಆದ ಅಜ್ಜಿ ಕನ್ನಡಕ ಹುಡುಕದೆ ಕೈಗೆ ಸಿಕ್ಕಿದ್ದನ್ನು ಕಣ್ಣಿಗೆ ಬಿಟ್ಟುಕೊಂಡರೆ? ಹೊರದೇಶಗಳಲ್ಲಿ ಇಂಥ ಪ್ರಕರಣಗಳು ಆಗಿವೆ. ಹಾಗಾಗಿ ಇವತ್ತೇ ಅದನ್ನು ಬೇರೆ ಮಾಡಿ, ಮಕ್ಕಳ ಕೈಗೆ ಸಿಗದ ಕಡೆ ಬೀಗ ಹಾಕಿಡಿ.

ಕಣ್ಣಿಗೆ ಬಿದ್ದರೆ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಆಸ್ಪತ್ರೆಗೆ ಹೋಗಿ. ಮೈಮೇಲೆ ಚೆಲ್ಲಿದರೆ ಒದ್ದೆ ಬಟ್ಟೆ ತೆಗೆದು ಸೋಪು ಹಾಕಿ ಚೆನ್ನಾಗಿ ತೊಳೆಯಿರಿ. ಮಗು ನುಂಗಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. 108ಕ್ಕೆ ಫೋನ್ ಮಾಡಿ. ವಾಂತಿ, ಜೊಲ್ಲು, ಬೆವರು, ಮುಖ ಬಿಳಿಚುವುದು ನಿಕೋಟಿನ್ ವಿಷದ ಮೊದಲ ಲಕ್ಷಣ. ಜೋರಾದರೆ ಫಿಟ್ಸ್ ಬರುತ್ತದೆ, ಉಸಿರಾಟ ಕಷ್ಟವಾಗುತ್ತದೆ. ಲಕ್ಷಣ ಕಾಣಲಿ ಎಂದು ಕಾಯಬೇಡಿ. ಕಾರವಾರದವರಿಗೆ ಕ್ರಿಮ್ಸ್, ಶಿರಸಿಯವರಿಗೆ ಪಂಡಿತ ಆಸ್ಪತ್ರೆ, ಯಾವುದು ಹತ್ತಿರವೋ ಅಲ್ಲಿಗೆ ಹೊರಡಿ. ಬಾಟಲಿ ಜೊತೆಗಿರಲಿ, ಡಾಕ್ಟರಿಗೆ ಅದರ ಲೆಕ್ಕ ಬೇಕು. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117.

ಹೆಜ್ಜೆ 7: ವಿಲೇವಾರಿ

ನಮ್ಮ ಮನೆಗಳಲ್ಲಿ ಬೇಡದ ವಸ್ತು ಹೋಗುವ ದಾರಿ ಎರಡು. ಒಂದು ಬಚ್ಚಲು, ಇನ್ನೊಂದು ಬಚ್ಚಲ ಒಲೆ. ಇದಕ್ಕೆ ಎರಡೂ ಆಗದು. ಬಚ್ಚಲ ನೀರು ಹೋಗುವುದು ತೆಂಗಿನ ಬುಡಕ್ಕೆ, ಬಾಳೆ ಬುಡಕ್ಕೆ. ಕೆಂಪುಕಲ್ಲಿನ ನೆಲದಲ್ಲಿ ನೀರು ಬೇಗ ಇಂಗುತ್ತದೆ, ಬಾವಿ ದೂರವಿರುವುದಿಲ್ಲ. ಹುಳಕ್ಕೆ ತಂಬಾಕಿನ ಕಷಾಯ ಹೊಡೆಯುತ್ತಿದ್ದ ನೆನಪಿನಲ್ಲಿ ಇದನ್ನು ಗಿಡಕ್ಕೆ ಹಾಕುವ ಉಪಾಯವೂ ಬೇಡ. ಹುಳ ಸಾಯುವುದು ಇದೇ ನಿಕೋಟಿನ್ನಿನಿಂದ ಎಂಬುದನ್ನು ಮಾತ್ರ ನೆನಪಿಟ್ಟುಕೊಳ್ಳಿ. ಒಲೆಗೆ ಹಾಕಿದರೆ ಪ್ಲಾಸ್ಟಿಕ್ ಹೊಗೆ ಒಂದು ಕಡೆ. ಪೆನ್ನಿನಂಥ ವೇಪ್ ಸಾಧನದೊಳಗೆ ಲಿಥಿಯಂ ಬ್ಯಾಟರಿ ಇರುತ್ತದೆ, ಅದು ಸಿಡಿಯುತ್ತದೆ.

ಕೈಗೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಮುಚ್ಚಳ ಬಿಗಿ ಮಾಡಿ. ಬಾಟಲಿಯನ್ನು ಹಳೆ ಪೇಪರಿನಲ್ಲಿ ಸುತ್ತಿ, ಗಟ್ಟಿ ಕವರಿನೊಳಗೆ ಹಾಕಿ ಕಟ್ಟಿ. ಮೇಲೆ 'ವಿಷ, ನಿಕೋಟಿನ್' ಎಂದು ಕನ್ನಡದಲ್ಲೇ ಬರೆಯಿರಿ, ಕಸ ಬೇರ್ಪಡಿಸುವವರು ಓದುವ ಹಾಗೆ. ನಗರಸಭೆಯ ಗಾಡಿಗೆ ಕೊಡುವುದಾದರೆ ಹಸಿ ಕಸ, ಒಣ ಕಸ ಯಾವುದಕ್ಕೂ ಬೆರೆಸದೆ, ಇಂಥದ್ದು ಎಂದು ಹೇಳಿ ಬೇರೆಯಾಗಿ ಕೈಗೆ ಕೊಡಿ. ಸಾಧನವನ್ನು ಬಿಚ್ಚಬೇಡಿ, ಚುಚ್ಚಬೇಡಿ. ಅದು ಇ-ಕಸಕ್ಕೆ ಹೋಗಲಿ. ಬಾಟಲಿ ನಾಲ್ಕಾರು ಇದ್ದರೆ ಜಿಲ್ಲಾ ಆರೋಗ್ಯ ಕಚೇರಿಯ ತಂಬಾಕು ನಿಯಂತ್ರಣ ಕೋಶವನ್ನೋ ಹತ್ತಿರದ ಪೊಲೀಸ್ ಠಾಣೆಯನ್ನೋ ಕೇಳಿ ಒಪ್ಪಿಸುವುದು ವಾಸಿ.

ಈಗಾಗಲೇ ಎಳೆದಾಗಿದ್ದರೆ

ಒಂದೆರಡು ದಮ್ ಎಳೆದು ಗಂಟಲು ಕೆರೆದಿದ್ದರೆ ಗಾಬರಿ ಬೇಡ, ಅಲ್ಲಿಗೇ ನಿಲ್ಲಿಸಿ. ಕೆಮ್ಮು, ಏದುಸಿರು, ಎದೆನೋವು, ಜ್ವರ, ವಾಂತಿ ಶುರುವಾದರೆ ಡಾಕ್ಟರ ಹತ್ತಿರ ಹೋಗಿ, ವೇಪ್ ವಿಷಯ ಮುಚ್ಚಿಡದೆ ಹೇಳಿ. ಹೇಳದಿದ್ದರೆ ಅವರು ಬರೀ ಜ್ವರದ ಔಷಧಿ ಕೊಟ್ಟು ಕಳಿಸಬಹುದು. ಅಪ್ಪ ಅಮ್ಮನ ಎದುರು ಹೇಳಲು ಮುಜುಗರ ಅನ್ನಿಸಿದರೆ ಒಬ್ಬನೇ ಮಾತಾಡಬೇಕು ಎಂದು ಕೇಳಿಕೊಳ್ಳಬಹುದು.

ಬಿಡಬೇಕು ಅನ್ನುವವರಿಗೆ ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್ ಇದೆ: 1800 11 2356. ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರವೂ ಈ ಸೇವೆಯಲ್ಲಿರುವುದರಿಂದ ಕನ್ನಡದಲ್ಲೇ ಮಾತಾಡಬಹುದು. ವೇಪ್ ಎಳೆಯುವವರಷ್ಟೇ ಅಲ್ಲ, ಕವಳಕ್ಕೆ ಹೊಗೆಸೊಪ್ಪು ಹಾಕಿಕೊಳ್ಳುವ ಮನೆಯ ಹಿರಿಯರೂ ಇದೇ ಸಂಖ್ಯೆಗೆ ಫೋನ್ ಮಾಡಬಹುದು.