ಫ್ಯಾನಿಗಿಂತ ಮೊದಲು ರಸ್ತೆ ಬರುತ್ತದೆ

ಗದಗ ಕಡೆ ಗಾಳಿಯಂತ್ರ ಅಂತ ಯಾರೂ ಅನ್ನುವುದಿಲ್ಲ. ಅದು ಫ್ಯಾನು. "ನಮ್ಮ ಹೊಲದಾಗೂ ಒಂದು ಫ್ಯಾನ್ ಕುಂದ್ರಸ್ರಿ" ಅಂತ ಮೊದಲ ದಿನವೇ ಇಬ್ಬರು ನನ್ನ ಬೈಕ್ ನಿಲ್ಲಿಸಿ ಕೇಳಿದ್ದರು. ನಾನು ಕೂರಿಸುವವನಲ್ಲ, ಕೂರಿಸಿದರೆ ಊರಿಗೆ, ಮಣ್ಣಿಗೆ, ಹಕ್ಕಿಗೆ ಏನಾಗುತ್ತದೆ ಅಂತ ಮೊದಲೇ ನೋಡಿ ಬರೆಯುವವನು ಅಂದೆ. "ಅದಕ್ಕೂ ಪಗಾರ ಕೊಡ್ತಾರೇನ್ರಿ?" ಅಂದರು. ಕೊಡುತ್ತಾರೆ. ಕೊಡುವವರು ಫ್ಯಾನ್ ಕೂರಿಸುವ ಕಂಪನಿಯವರೇ. ಮುಂದೆ ಓದುವಾಗ ಅದು ನಿಮ್ಮ ನೆನಪಿನಲ್ಲಿರಲಿ.

2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಪವನ ವಿದ್ಯುತ್ ಇಲ್ಲವೇ ಇಲ್ಲ. ಗಣಿಗೆ, ಅಣೆಕಟ್ಟಿಗೆ ಇರುವ ಹಾಗೆ ಪರಿಸರ ಅನುಮತಿ, ಸಾರ್ವಜನಿಕ ಅಹವಾಲು ಸಭೆ ಇದಕ್ಕೆ ಕಡ್ಡಾಯ ಅಲ್ಲ. ಕಾಡಿನ ಜಾಗ ಬೇಕಾದರೆ 1980ರ ಅರಣ್ಯ ಕಾಯ್ದೆ ಬರುತ್ತದೆ, ಅದು ಬೇರೆ ಮಾತು. ಹಾಗಾದರೆ ವರದಿ ಯಾಕೆ? ಸಾಲ ಕೊಡುವವರು ಕೇಳುತ್ತಾರೆ. ವಿಶ್ವಬ್ಯಾಂಕ್ ಬಳಗದ ಐಎಫ್‌ಸಿಯ 2012ರ ಮಾನದಂಡಗಳಿವೆ, ಪವನ ವಿದ್ಯುತ್ತಿಗೇ ಅಂತ 2015ರಲ್ಲಿ ಬಂದ ಮಾರ್ಗಸೂಚಿಯೂ ಇದೆ. ಅಂದರೆ ನಾನು ಬರೆದದ್ದನ್ನು ಓದುವವರು ಎಲ್ಲೋ ದೂರದ ಆಫೀಸಿನಲ್ಲಿ ಕೂತಿರುತ್ತಾರೆ. ಊರವರ ಕೈಗೆ ಅದು ಸಿಗುವುದೇ ಕಷ್ಟ, ಸಿಕ್ಕರೂ ಇಂಗ್ಲಿಷು.

ಶುರುವಿನಲ್ಲೇ ನಾನೊಂದು ತಪ್ಪು ಮಾಡಿದೆ. ಕಂಪನಿ ಕೊಟ್ಟ ನಕ್ಷೆಯಲ್ಲಿ ಚುಕ್ಕೆಗಳಿದ್ದವು, ಒಂದೊಂದು ಚುಕ್ಕೆ ಒಂದೊಂದು ಫ್ಯಾನು. ನಾನು ಚುಕ್ಕೆಯಿಂದ ಚುಕ್ಕೆಗೆ ಓಡಾಡಿದೆ. ಕೇಂದ್ರದ ನವೀಕರಿಸಬಹುದಾದ ಇಂಧನ ಇಲಾಖೆಯ 2016ರ ಮಾರ್ಗಸೂಚಿ ಪ್ರಕಾರ ಸದ್ದಿನ ತೊಂದರೆ ಆಗದಿರಲು ಮನೆಗಳಿಂದ 500 ಮೀಟರ್ ದೂರ ಇರಬೇಕು. ರಸ್ತೆ, ಕಟ್ಟಡಗಳಿಂದ ಕಂಬದ ಎತ್ತರ, ರೆಕ್ಕೆ ಸುತ್ತುವ ವ್ಯಾಸದ ಅರ್ಧ, ಮೇಲೆ 5 ಮೀಟರ್ ಸೇರಿಸಿದಷ್ಟು ದೂರ. ನಮ್ಮದು 130 ಮೀಟರ್ ಕಂಬ, 140 ಮೀಟರ್ ವ್ಯಾಸ, ಹಾಗಾಗಿ 205 ಮೀಟರ್. ಟೇಪು, ಜಿಪಿಎಸ್ಸು, ಟೇಬಲ್ಲು, ಎಲ್ಲಾ ಸರಿಯಾಗಿತ್ತು. ಸದ್ದು ಅಳೆಯಲು ಮಾತ್ರ ಆಷಾಢದಲ್ಲಿ ಹೋಗಿ ಕೆಟ್ಟೆ. ಆ ಗಾಳಿಗೆ ಮೀಟರ್ ಅಳೆದದ್ದು ಗಾಳಿಯನ್ನೇ. ರಾತ್ರಿ 45 ಡೆಸಿಬೆಲ್ ಮಿತಿ ಅಂತ ನಿಯಮ ಇದೆ, ಇಲ್ಲಿ ಒಂದು ಫ್ಯಾನೂ ಇಲ್ಲದೆ ಅದು ದಾಟಿ ಹೋಗಿತ್ತು! ಚಳಿಗಾಲದಲ್ಲಿ ಮತ್ತೆ ಹೋಗಿ, ತಾಂಡಾದ ಒಂದು ಮನೆಯ ಅಂಗಳದಲ್ಲಿ ಮೀಟರ್ ಇಟ್ಟು ಕೂತೆ. ನಾಯಿ ಬೊಗಳಿದಾಗಲೆಲ್ಲ ಡೈರಿಯಲ್ಲಿ ಗಂಟೆ ನಿಮಿಷ ಬರೆದುಕೊಳ್ಳುವುದು. ಬೆಳಗಿನ ಜಾವಕ್ಕೆ ಪುಟ ತುಂಬಾ ನಾಯಿಗಳೇ.

ನನ್ನ ಕಣ್ಣು ತೆರೆದದ್ದು ಗುಡಿ ಮುಂದೆ. ಗಂಡಸರ ಸಭೆ ಮೊದಲೇ ಆಗಿತ್ತು. ಅವರು ಸರ್ವೆ ನಂಬರು, ಯಾರ ಹೊಲ, ಎಕರೆಗೆ ಎಷ್ಟು ಅಂತ ಮಾತಾಡಿ ಎದ್ದುಹೋಗಿದ್ದರು. ಹೆಂಗಸರ ಸಭೆಗೆ ನನ್ನ ಜೊತೆ ಕೆಲಸ ಮಾಡುವ ಹುಡುಗಿ ಒಂದು ಡಬ್ಬಿ ರಂಗೋಲಿ ಪುಡಿ ತಂದು, "ನಿಮ್ಮ ಊರು ಬರೀರಿ" ಅಂತ ಸುಮ್ನೆ ಕೂತಳು. ಮೊದಲು ನಕ್ಕರು. ಆಮೇಲೆ ಹಳ್ಳ ಬಂತು, ಬಂಡಿ ದಾರಿ ಬಂತು, ದಸರೆಗೆ ಹೋಗುವ ಬನ್ನಿ ಗಿಡ ಬಂತು, ಬೇಸಿಗೆಯಲ್ಲೂ ಒಣಗದ ಒಂದು ಒರತೆ ಬಂತು. ನನ್ನ ನಕ್ಷೆಯಲ್ಲಿ ಇವು ಒಂದೂ ಇರಲಿಲ್ಲ. ಫ್ಯಾನ್ ಎಲ್ಲೆಲ್ಲಿ ಅಂತ ತೋರಿಸಲು ನಾನು ರಂಗೋಲಿ ಮೇಲೆ ಕಡಲೆಕಾಳು ಇಡುತ್ತಾ ಹೋದೆ. ಒಬ್ಬ ಅಜ್ಜಿ ಕಾಳುಗಳನ್ನೇ ನೋಡುತ್ತಿದ್ದವಳು ಕೇಳಿದಳು: "ತಮ್ಮಾ, ಇವು ಹಾರಿ ಬರ್ತಾವೇನು?"

ಹಾರಿ ಬರಲ್ಲ. ಒಂದೊಂದು ರೆಕ್ಕೆ ಸುಮಾರು 70 ಮೀಟರ್ ಉದ್ದ. ಅದನ್ನು ಹೊತ್ತ ಲಾರಿ ತಿರುಗಲು ಒಂದು ಹೊಲದಷ್ಟು ಜಾಗ ಬೇಕು, ಎತ್ತಿ ಕೂರಿಸುವ ಕ್ರೇನಿಗೆ ಗಟ್ಟಿ ನೆಲ ಬೇಕು. ಕಪ್ಪು ಮಣ್ಣಿನ ಎರೆ ಹೊಲದಲ್ಲಿ ಗಟ್ಟಿ ನೆಲ ಎಲ್ಲಿಂದ ಬರಬೇಕು? ಗರಸು ತಂದು ಸುರಿಯುತ್ತಾರೆ, ಒಡ್ಡು ಒಡೆಯುತ್ತಾರೆ, ರಸ್ತೆ ಎತ್ತರ ಆಗುತ್ತದೆ. ಮಳೆ ಬಂದಾಗ ಆ ರಸ್ತೆಯೇ ಕಟ್ಟೆ. ಮೇಲಿನ ಹೊಲದಲ್ಲಿ ನೀರು ನಿಂತು ಉಳ್ಳಾಗಡ್ಡಿ ಕೊಳೆಯುತ್ತದೆ, ಕೆಳಗಿನ ಹೊಲಕ್ಕೆ ನೀರೇ ಇಳಿಯುವುದಿಲ್ಲ. ಆ ಎರಡು ಹೊಲದವರಿಗೂ ಫ್ಯಾನಿನ ದುಡ್ಡು ಒಂದು ಪೈಸೆ ಬಂದಿರುವುದಿಲ್ಲ, ಯಾಕೆಂದರೆ ಫ್ಯಾನ್ ಕೂತದ್ದು ಮೂರನೆಯವರ ಹೊಲದಲ್ಲಿ.

ಮರುದಿನ ಕಂಪನಿಯಿಂದ ರಸ್ತೆಯ ಡ್ರಾಯಿಂಗ್ ಕೇಳಿದೆ. "ಅದು ಕಂಟ್ರಾಕ್ಟರ್ ನೋಡಿಕೊಳ್ತಾನೆ" ಅಂದರು. ಹದಿನೈದು ದಿನ ಕಾಡಿದ ಮೇಲೆ ಕೊಟ್ಟರು. ಅಜ್ಜಿಯ ಮೊಮ್ಮಗನನ್ನು ಕರೆದುಕೊಂಡು ಆ ಗೆರೆ ಹಿಡಿದು ನಡೆದೆ. ನೀರು ಎಲ್ಲಿ ದಾಟುತ್ತದೆ ಅಂತ ಅವನಿಗೆ ಬರಿಗಾಲಿಗೇ ಗೊತ್ತು. ಡ್ರಾಯಿಂಗಿನಲ್ಲಿ ರಸ್ತೆ ಕೆಳಗೆ ನೀರು ಹೋಗಲು ಪೈಪ್ ತೋರಿಸಿದ್ದಕ್ಕಿಂತ ಎಷ್ಟೋ ಜಾಸ್ತಿ ಕಡೆ ನೀರು ದಾಟುತ್ತಿತ್ತು. ವರದಿಯಲ್ಲಿ ನಾನು ಬರೆದ ಅತ್ಯಂತ ಉದ್ದದ ಭಾಗ ಅದೇ. ಬ್ಯಾಂಕಿನವರಿಗೆ ಬೇಜಾರಾಗಿರಬೇಕು.

ಕುರಿಗಾರರ ವಿಷಯದಲ್ಲೂ ಹಾಗೇ. ಪಹಣಿ ಹಿಡಿದು ಮನೆ ಮನೆ ಸರ್ವೆ ಮಾಡಿದರೆ ಅವರು ಸಿಗುವುದೇ ಇಲ್ಲ, ಅವರಿಗೆ ಅಲ್ಲಿ ಮನೆಯೂ ಇಲ್ಲ, ಪಹಣಿಯೂ ಇಲ್ಲ. ಮುಂಗಾರು ಬೆಳೆ ಕೊಯ್ದ ಮೇಲೆ ಬರುತ್ತಾರೆ, ಹೊಲದಲ್ಲಿ ಕುರಿ ತರುಬುತ್ತಾರೆ, ಗೊಬ್ಬರಕ್ಕೆ ಹೊಲದವರು ಕಾಳೋ ದುಡ್ಡೋ ಕೊಡುತ್ತಾರೆ. ದೀಪಾವಳಿ ಆದ ಮೇಲೆ ಹೋದಾಗ ಸಿಕ್ಕವರೊಬ್ಬರು, "ಫ್ಯಾನ್ ಕೆಳಗ ಕುರಿ ಮೇಯ್ತಾವ್ರಿ, ಅದೇನ್ ಮಾಡೂದಿಲ್ಲ. ಬೇಲಿ ಹಾಕ್ತಾರೇನು ಅದನ್ನ ಹೇಳ್ರಿ" ಅಂದರು. ಇಡೀ ಅಧ್ಯಾಯ ಒಂದೇ ಮಾತಲ್ಲಿ ಮುಗಿಸಿದರು, ಅಲ್ವಾ? ಸಬ್‌ಸ್ಟೇಷನ್ ಬಿಟ್ಟು ಬೇರೆಲ್ಲೂ ಬೇಲಿ ಹಾಕಬಾರದು ಅಂತ ಬರೆಸಿದೆವು.

ಹಕ್ಕಿ ಲೆಕ್ಕ ತಾಳ್ಮೆಯ ಕೆಲಸ. ಸ್ಕಾಟ್ಲೆಂಡಿನವರ ಪದ್ಧತಿ ಪ್ರಕಾರ ಒಂದೊಂದು ಜಾಗದಲ್ಲಿ ಒಂದು ಋತುವಿಗೆ ಕನಿಷ್ಠ 36 ಗಂಟೆ ಕೂತು ನೋಡಬೇಕು: ಯಾವ ಹಕ್ಕಿ, ಎಷ್ಟು ಎತ್ತರ. ನಮ್ಮ ರೆಕ್ಕೆ ಸುತ್ತುವುದು 60ರಿಂದ 200 ಮೀಟರ್ ಎತ್ತರದಲ್ಲಿ, ಅಪಾಯ ಅಲ್ಲೇ. ಜಿಲ್ಲೆಯಲ್ಲೇ ಮಾಗಡಿ ಕೆರೆ ಇದೆ, ಚಳಿಗಾಲಕ್ಕೆ ಹಿಮಾಲಯದ ಆಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ, 2024ರಲ್ಲಿ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೂ ಸೇರಿತು. ಅವು ಕೆರೆಯಲ್ಲೇ ಕೂತಿರುವುದಿಲ್ಲ, ಮೇಯಲು ಹೊಲಗಳಿಗೆ ಹಾರುತ್ತವೆ. ಮಳೆಗಾಲದ ಒಂದೇ ಸರ್ವೆ ಸಾಕು ಅನ್ನುವವರ ಹತ್ತಿರ ನನಗೆ ಜಗಳ ಆಗಿದ್ದು ಇದಕ್ಕೇ. ಫ್ಯಾನಿಗೆ ಬಡಿದು ಸತ್ತ ಹಕ್ಕಿ ಎಣಿಸಿದರಷ್ಟೇ ಮುಗಿಯುವುದೂ ಇಲ್ಲ. ಸಾತಾರಾ ಹತ್ತಿರದ ಚಾಳಕೇವಾಡಿಯಲ್ಲಿ ನಡೆದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಅಲ್ಲಿ ಫ್ಯಾನ್ ಇದ್ದ ಕಡೆ ಬೇಟೆ ಹಕ್ಕಿ ಕಡಿಮೆ, ಅದಕ್ಕೇ ಓತಿಕ್ಯಾತಗಳು ಜಾಸ್ತಿ.

ಜಮೀನಿನದು ಬೇರೆಯೇ ಕಥೆ. ಮಧ್ಯವರ್ತಿಗಳು ಮೊದಲೇ ಓಡಾಡಿರುತ್ತಾರೆ. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ ಅಂತ 1978ರ ಪಿಟಿಸಿಎಲ್ ಕಾಯ್ದೆ ಹೇಳುತ್ತದೆ. ಹಾಗಾಗಿ ಪ್ರತಿ ಸರ್ವೆ ನಂಬರಿನ ಹಳೆ ಮಂಜೂರಾತಿ ಕಾಗದ ತೆಗೆಸಿ ನೋಡಿದೆವು. ಎರಡು ಕಡೆ ಚುಕ್ಕೆ ಸರಿಸಬೇಕಾಯಿತು.

ಫ್ಯಾನ್ ಬಂದರೆ ಮೋಡ ಚದುರಿ ಮಳೆ ಹೋಗುತ್ತದೆ ಅನ್ನುವ ಮಾತು ಪ್ರತಿ ಸಭೆಯಲ್ಲೂ ಬಂತು. ಮೋಡ ಅದಕ್ಕಿಂತ ಬಹಳ ಮೇಲಿರುತ್ತದೆ ಅಂತ ಹೇಳಿದೆ. ತಲೆ ಆಡಿಸಿದರು, ನಂಬಲಿಲ್ಲ. ನಕ್ಕುಬಿಡದೆ ಅದನ್ನೂ ವರದಿಯಲ್ಲಿ ಬರೆದೆ.

ಕೆಲಸ ಶುರುವಾದ ಮೇಲೆ ಒಮ್ಮೆ ಹೋಗಿದ್ದೆ. ಬಹುಪಾಲು ಕಡೆ ಪೈಪ್ ಹಾಕಿದ್ದರು, ಒಂದೆರಡು ಕಡೆ ಹಾಕಿರಲಿಲ್ಲ. ಅಗೆದ ಮೇಲ್ಮಣ್ಣನ್ನು ಬೇರೆ ರಾಶಿ ಮಾಡಿ ಇಡಬೇಕು, ಆಮೇಲೆ ಅದೇ ಹೊಲಕ್ಕೆ ಹಾಕಬೇಕು ಅಂತ ಬರೆದಿದ್ದೆ. ರಾಶಿ ಮಾಡಿದ್ದರಂತೆ. ನಾನು ಹೋದಾಗ ಅರ್ಧವೇ ಇತ್ತು. ಉಳಿದದ್ದನ್ನು ಪಕ್ಕದ ಕೆಂಪು ಮಣ್ಣಿನ ಮಸಾರಿ ಹೊಲದವನು ರಾತ್ರೋರಾತ್ರಿ ಟ್ರಾಕ್ಟರಿನಲ್ಲಿ ಹೊಡೆದುಕೊಂಡಿದ್ದ. ಅವನ ಹೊಲದಲ್ಲಿ ಹೆಸರು ಬೆಳೆ ಚೆನ್ನಾಗಿ ಎದ್ದಿತ್ತು.